ಭಾವನ ರಿವರ್ಬು, ಅಪ್ಪನ ಹಾಸಿಗೆ ಅಂಗಡಿ

ನನ್ನ ಭಾವ ಗಿಟಾರಿನ ಆಂಪ್ಲಿಫೈಯರ್ ರಿಪೇರಿ ಮಾಡುವವರು. ಅದೂ ಬಲ್ಬಿನಂಥ ಗಾಜಿನ ವಾಲ್ವ್ ಇರುವ ಹಳೇ ಕಾಲದ ಆಂಪು ಮಾತ್ರ. ಹೊಸದನ್ನು ತಂದವರಿಗೆ ಬಿಟ್ಟಿ ಬುದ್ಧಿವಾದ ಹೇಳಿ ಕಳಿಸುತ್ತಾರೆ. ಹಾಗಾಗಿ ಗಿರಾಕಿ ಕಡಿಮೆ, ಜಂಬ ಜಾಸ್ತಿ. "ನನ್ನ ಕಿವಿ ಒಪ್ಪಿದ್ಮೇಲೆ ಮುಗೀತು" ಎನ್ನುತ್ತಾರೆ. ಈ ಮಾತು ಕೇಳಿದರೆ ಹಾಸಿಗೆ ಅಂಗಡಿ ಇಟ್ಟಿರುವ ನಮ್ಮಪ್ಪನಿಗೆ ಮೈಯೆಲ್ಲ ಉರಿಯುತ್ತದೆ. ಮಗಳನ್ನು ಕೊಟ್ಟ ದಿನದಿಂದ ಅಳಿಯನನ್ನು ತಮ್ಮ ಗಲ್ಲಾದಲ್ಲಿ ಕೂರಿಸಬೇಕೆಂಬುದೊಂದೇ ಅವರ ಆಸೆ.

ಭಾವ ಒಂದು ಖಾಲಿ ಉಗ್ರಾಣಕ್ಕೆ ವರ್ಕ್‌ಶಾಪ್ ಬದಲಿಸಿದ ಹೊಸತು. ಎತ್ತರದ ತಗಡಿನ ಸೂರು, ಬೋಳು ಗೋಡೆ. ಗಿಟಾರ್ ಕಲಿಸುವ ಟೀಚರಮ್ಮ ತಮ್ಮ ಆಂಪು ತಂದು, ರಿವರ್ಬ್ ಬರುತ್ತಿಲ್ಲ ಎಂದರು. ಬಾರಿಸಿದ ಸ್ವರ ತಟ್ಟನೆ ನಿಲ್ಲದೆ, ದೊಡ್ಡ ಹಜಾರದಲ್ಲಿ ಹಾಡಿದಂತೆ ಕೊಂಚ ತೇಲಬೇಕಲ್ಲ, ಅದೇ ರಿವರ್ಬ್. ಆಂಪಿನ ತಳದಲ್ಲೊಂದು ತಗಡಿನ ಪೆಟ್ಟಿಗೆ, ಅದರೊಳಗೆ ಉದ್ದುದ್ದ ಸ್ಪ್ರಿಂಗು. ಸ್ವರ ಅದರಲ್ಲಿ ಓಡಾಡಿಕೊಂಡು ಬಂದರೆ ತೇಲುತ್ತದೆ.

ಭಾವ ಒಂದು ವಾಲ್ವ್ ಬದಲಿಸಿದರು. ಆಂಪಿಗೆ ಗುದ್ದಿದರು. ಸ್ಪ್ರಿಂಗು ಕುಲುಕಿ ಸ್ಪೀಕರಿನಲ್ಲಿ ಧಣಾರ್ ಎಂದಿತು. ಗಿಟಾರ್ ಮೀಟಿದರೆ ಸ್ವರ ತೇಲಿತು. ಕಿವಿ ಒಪ್ಪಿತು.

ಟೀಚರಮ್ಮ ಆಂಪನ್ನು ಹೊತ್ತು ವಾಪಸ್ ಬಂದರು. "ಮನೇಲಿ ಬರ್ತಾನೇ ಇಲ್ಲ, ಸಾರ್." ಭಾವ ವೈರು ಬದಲಿಸಿ ಬಾರಿಸಿದರು, ಮತ್ತೆ ತೇಲಿತು. "ನಿಮ್ಮನೆ ಕರೆಂಟೇ ಸರಿಯಿಲ್ಲ!" ಎಂದು ಆಕೆಯನ್ನೇ ಗದರಿದರು. ಅಪ್ಪ ಅಲ್ಲೇ ಇದ್ದರು.

"ಮತ್ತೆ ಬಂದ್ರೆ ಏನ್ಮಾಡ್ತೀರಿ, ಅಳಿಯಂದಿರೇ?"

"ಮತ್ತೆ ಬಂದ್ರೆ ಇದನ್ನೆಲ್ಲ ಬಿಟ್ಟು ನಿಮ್ಮ ಅಂಗಡೀಲಿ ಕೂರ್ತೀನಿ, ಮಾವ!"

ಆಡಿದ ಮಾತು, ಒಡೆದ ಮುತ್ತು. ಆಂಪು ಮತ್ತೆ ಬಂತು. ಅಪ್ಪ ಅಂದೇ ಅಳಿಯನಿಗೆಂದು ಹೊಸ ಕುರ್ಚಿ ತಂದರು. ಅಕ್ಕ ನನ್ನನ್ನು ಬದಿಗೆ ಕರೆದು, "ಅಲ್ಲಿ ಕೂತ್ರೆ ಇವರು ಮಂಕಾಗಿಬಿಡ್ತಾರೆ ಕಣೋ" ಎಂದು ಕಣ್ಣೊರೆಸಿಕೊಂಡಳು. ಭಾವನನ್ನು ಎಷ್ಟೇ ಗೇಲಿ ಮಾಡಿದರೂ ಆಗ ನನಗೂ ಪಾಪ ಎನಿಸಿತು.

ಮರುದಿನ ಭಾವ ಇಸ್ತ್ರಿ ಅಂಗಿ ಹಾಕಿಕೊಂಡು, ಮುಖಕ್ಕೆ ಮಾತ್ರ ಇಸ್ತ್ರಿ ಇಲ್ಲದೆ, ಆ ಕುರ್ಚಿಯಲ್ಲಿ ಕೂತರು. ಒಬ್ಬ ದಪ್ಪನೆಯ ಗಿರಾಕಿ ಅತಿ ದುಬಾರಿ ಹಾಸಿಗೆಯ ಮೇಲೆ ಮಲಗಿ, ಕಣ್ಣು ಮುಚ್ಚಿ ಪರೀಕ್ಷೆ ಮಾಡುತ್ತಿದ್ದ. ಅಷ್ಟರಲ್ಲಿ ಟೀಚರಮ್ಮ ಆಂಪು ಹೊರಿಸಿಕೊಂಡು ಅಲ್ಲಿಗೇ ಬಂದರು. "ನೀವೆಲ್ಲಿ ಕೂತ್ರೂ ಇದನ್ನ ಸರಿ ಮಾಡ್ಲೇಬೇಕು. ನೀವೇ ಕೇಳಿ!" ಎಂದು ಪ್ಲಗ್ ಚುಚ್ಚಿ ಮೀಟಿದರು.

ಟಕ್. ಸ್ವರ ಅಲ್ಲೇ ಸತ್ತಿತು. ಭಾವ ನೆಲದಿಂದ ಸೂರಿನವರೆಗೆ ಒಟ್ಟಿದ್ದ ಹಾಸಿಗೆಗಳನ್ನು ನೋಡಿದರು.

"ಅಯ್ಯೋ! ಅಲ್ಲಿ ತೇಲ್ತಿದ್ದಿದ್ದು ಆಂಪಲ್ಲ, ನನ್ನ ಉಗ್ರಾಣ!"

ಎದ್ದವರೇ ಆಂಪಿಗೆ ಗುದ್ದಿದರು. ಧಣಾರ್! ಹಾಸಿಗೆಯ ಮೇಲಿದ್ದ ಗಿರಾಕಿ ಹೌಹಾರಿ ಎದ್ದು, ಒಂದು ಚಪ್ಪಲಿ ಬಿಟ್ಟು ಬೀದಿಗೆ ಓಡಿದ. ಭಾವನಿಗೆ ಅದರ ಪರಿವೆಯೇ ಇಲ್ಲ. "ಗುದ್ದಿದ್ರೆ ಕೇಳತ್ತೆ. ಅಂದ್ರೆ ಸ್ಪ್ರಿಂಗಿಂದ ಸದ್ದು ಹೊರಗೆ ಬರ್ತಿದೆ, ಗಿಟಾರಿನ ಸ್ವರ ಒಳಗೇ ಹೋಗ್ತಿಲ್ಲ!" ಸ್ವಿಚ್ ಆರಿಸಿ ಪೆಟ್ಟಿಗೆ ಬಿಚ್ಚಿದರು. ಒಳಹೋಗುವ ತುದಿಯಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ತಂತಿ ತುಂಡಾಗಿತ್ತು. ಬಿಟ್ಟೇಬಿಟ್ಟೆ ಎಂದಿದ್ದ ಸೋಲ್ಡರಿಂಗ್ ಕಡ್ಡಿ ಅವರ ಕೈಚೀಲದಲ್ಲೇ ಇತ್ತು, ಕಳ್ಳ ಭಾವ! ಬೆಸೆದು, ಮುಚ್ಚಿ, ಟೀಚರಮ್ಮನತ್ತ ತಿರುಗಿದರು. ಆಕೆ ಮೀಟಿದರು. ಅಷ್ಟು ಹಾಸಿಗೆಗಳ ನಡುವೆಯೂ ಸ್ವರ ನಿಧಾನವಾಗಿ ತೇಲಿ ಹೋಯಿತು.

ಅಪ್ಪ ಮೆಲ್ಲಗೆ, "ಇನ್ನೊಂದ್ಸಲ ಬಾರಿಸಮ್ಮ" ಎಂದರು. ಕೇಳಿದರು. ಆಮೇಲೆ ಅಳಿಯನ ಮೇಲೆ ರೇಗಿದರು.

"ಮಲಗಿದ್ದ ಗಿರಾಕೀನ ಎಬ್ಬಿಸಿ ಓಡಿಸೋರು ಹಾಸಿಗೆ ಮಾರೋಕೆ ಲಾಯಕ್ಕಿಲ್ಲ. ನಾಳೆಯಿಂದ ಬರ್ಬೇಡಿ."

ಅಷ್ಟರಲ್ಲಿ ಅಕ್ಕನ ಫೋನು. ಹೊಸ ಕೆಲಸ ಹೇಗಿದೆ ಎಂದು ಹೆದರುತ್ತಲೇ ಕೇಳಿದಳಂತೆ.

"ಹೋಯ್ತು ಕಣೇ!" ಎಂದು ಭಾವ ಇಡೀ ಬೀದಿಗೆ ಕೇಳುವಂತೆ ಕೂಗಿದರು. "ಮಾವನೇ ತೆಗೆದ್ಹಾಕಿದ್ರು!"