ಊದಿದ ಮಣಿಕಟ್ಟು

ಎರಡನೇ ಮಹಾಯುದ್ಧದ ವರ್ಷಗಳು, ರೇಷ್ಮೆಗೆ ಒಳ್ಳೆಯ ಬೆಲೆ ಬಂದಿತ್ತು. ಹುಳ ಹಣ್ಣಾಗಿ ಗೂಡು ಕಟ್ಟಲು ಸಜ್ಜಾಗುವ ಹೊತ್ತಿನಲ್ಲೇ ನನ್ನ ಹೆಂಡತಿ ಹಿಪ್ಪುನೇರಳೆ ಸೊಪ್ಪಿನ ಹೊರೆ ತರುವಾಗ ಬದುವಿನ ಮೇಲೆ ಜಾರಿ, ಬಲಗೈ ಊರಿ ಬಿದ್ದಳು. ಮಣಿಕಟ್ಟು ಊದಿಕೊಂಡಿತು. ಉಳುಕು ಅಂದುಕೊಂಡೆವು. ನಮ್ಮ ಹುತ್ತೂರಿನ ಕಡೆ ಉಳುಕಿಗೆಲ್ಲ ಆಸ್ಪತ್ರೆಗೆ ಹೋದವರನ್ನು ನಾನು ಕಂಡಿರಲಿಲ್ಲ. ಮೂರನೇ ತರಗತಿಗೇ ಶಾಲೆ ಬಿಟ್ಟು ನೇಗಿಲು ಹಿಡಿದವನು ನಾನು. ಮೈನೋವಿಗೆ ಯಾರ ಬಾಗಿಲನ್ನೂ ತಟ್ಟಿದವನಲ್ಲ. ಹುಣಸೆಹಣ್ಣು, ಉಪ್ಪು ಬಿಸಿಮಾಡಿ ಪಟ್ಟು ಹಾಕಿದೆ.

ಮಾರನೆಯ ಬೆಳಿಗ್ಗೆ ಅವಳು ಎಡಗೈಯಲ್ಲಿ ಹಣ್ಣುಹುಳ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ಒಂದು ಹುಳ ಬಲಗೈ ಬೆರಳ ಮೇಲೆ ಹರಿಯುತ್ತಿತ್ತು.

"ಲೇ, ಬೆರಳ ಮೇಲೆ ಹುಳ ನೋಡೇ."

"ಎಲ್ಲಿ? ಅಯ್ಯೋ, ಗೊತ್ತೇ ಆಗ್ಲಿಲ್ವಲ್ಲ!"

ಆ ಬೆರಳು ಹಿಡಿದೆ. ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು. ಉಗುರು ಕಪ್ಪಿಟ್ಟಿತ್ತು. ಹಸಿರು ಗಾಜಿನ ಬಳೆಗಳು ಊತದೊಳಗೆ ಹೂತುಹೋಗಿದ್ದವು.

"ಬಳೆ ತೆಗೀಬೇಕು. ನಡಿ, ಕೋಲಾರದ ಆಸ್ಪತ್ರೆಗೆ ಹೋಗೋಣ."

"ಹುಳ ಬಿಟ್ಟು ಎಲ್ಲಿಗ್ ಬರ್ಲಿ? ಬಳೆ ಒಡೆಯೋದು ಬ್ಯಾಡ. ನಿಮಗೆ ಒಳ್ಳೇದಲ್ಲ."

"ನನಗೇನಾಗೈತೆ? ಗುಂಡುಕಲ್ಲಿನಂಗೆ ನಿಂತಿದ್ದೀನಿ!"

"ಮುತ್ತೈದೆ ಬಳೆ ಒಡೀತೀಯೇನೋ? ಬುದ್ಧಿ ಐತೇನ್ಲಾ ನಿಂಗೆ?" ಎನ್ನುತ್ತಾ ನನ್ನ ಅಮ್ಮ ಒಳಗಿಂದ ಬಂದಳು. ಸೊಸೆಯ ಬೆರಳು ಮುಟ್ಟಿದಳು. ಬೈಗುಳ ಅಲ್ಲಿಗೇ ನಿಂತಿತು. ನಾನು ಇಕ್ಕಳಕ್ಕೆ ಎದ್ದರೆ, "ಅದು ಬ್ಯಾಡ, ಕೈ ಕೊಯ್ದೀತು" ಎಂದು ತನ್ನ ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದುಕೊಟ್ಟಳು. "ಹುಳ ನಾನು ನೋಡ್ಕೊಂತೀನಿ. ಹೊರಡ್ರಿ."

ಹಳೇ ಸೀರೆಯ ಒದ್ದೆ ಚೂರನ್ನು ಬಳೆಗಳ ಅಡಿಗೆ ಮೆಲ್ಲಗೆ ತೂರಿಸಿ ಒಂದೊಂದನ್ನೇ ಒಡೆದೆ. ಪ್ರತಿ ಸಲ ಚಟ್ಟೆಂದಾಗಲೂ ಅವಳು ಕೈಯನ್ನು ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

"ಇದ್ದೀನಿ ಕಣೇ," ಎಂದೆ.

ಟವೆಲಿನಲ್ಲಿ ಕೈಯನ್ನು ಎದೆಗೆ ಎತ್ತಿಕಟ್ಟಿ ಗಾಡಿ ಹೂಡಿದೆ. ಕೋಲಾರದಲ್ಲಿ ಡಾಕ್ಟರು ಮೂಳೆ ಮುರಿದಿದೆ ಎಂದರು. "ಬಳೆ ತೆಗೆದದ್ದು ಒಳ್ಳೇದಾಯ್ತು. ಬೆರಳು ತಣ್ಣಗಾಗಿ ಮರಗಟ್ಟಿದರೆ ಒಂದು ಗಳಿಗೆಯೂ ಮನೇಲಿ ಕಾಯಬಾರದಪ್ಪ." ಕೈ ಉಳಿಯುತ್ತದೆಯೇ ಎಂದು ಕೇಳಿದೆ. ನೋಡೋಣ ಎಂದರು. ಮೂಳೆ ಕೂರಿಸಿ, ಅಚ್ಚುಕಟ್ಟಾಗಿ ದಬ್ಬೆ ಕಟ್ಟಿ ಹೋದರು. ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ.

ಸಂಜೆ ಡಾಕ್ಟರು ಬಂದು ಹೆಬ್ಬೆರಳಿಗೆ ಸೂಜಿ ತಾಗಿಸಿದರು.

"ಅಮ್ಮಾ! ಚುಚ್ತೀರಲ್ಲ ಸ್ವಾಮಿ!" ಎಂದು ಅವಳು ಕಿರುಚಿದಳು.

ನನ್ನ ಕಣ್ಣು ತುಂಬಿ ಬಂತು. "ಇನ್ನೊಂದು ಬೆರಳಿಗೂ ಚುಚ್ಚಿ ಸ್ವಾಮಿ," ಎಂದೆ.

"ನಿಮ್ಮ ಕೈಗೇ ಚುಚ್ಚಿಸ್ಕೊಳ್ಳಿ!" ಎಂದಳು.