ಮುಚ್ಚಿದ ಪುಸ್ತಕದ ಆಟ

ಸುಮಿತ್ರವ್ವನನ್ನು ನೀವು ನೋಡಿರಲಿಕ್ಕಿಲ್ಲ. ನೋಡಿರಬಾರದು ಕೂಡ, ಆಕೆಯ ಕಸುಬೇ ಅಂಥದ್ದು. ಉಳವಪ್ಪನವರ ನಾಟಕ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಆಕೆ ಪ್ರಾಂಪ್ಟರ್. ರಂಗದ ಬಲಬದಿಯ ಪರದೆಯ ಮರೆಯಲ್ಲಿ ಒಂದು ಸ್ಟೂಲು, ತೊಡೆಯ ಮೇಲೆ ನಾಟಕದ ಪುಸ್ತಕ. ಮಾತು ಮರೆತ ನಟರಿಗೆ ಮುಂದಿನ ಮಾತನ್ನು ಪಿಸುದನಿಯಲ್ಲಿ ಎತ್ತಿಕೊಡಬೇಕು, ಆದರೆ ಮೊದಲ ಸಾಲಿನಲ್ಲಿ ಕೂತವರಿಗೂ ಆ ದನಿ ಕೇಳಬಾರದು.

ಒಂದು ಕಾಲದಲ್ಲಿ ಈಕೆಯ ದನಿ ಕೇಳಲೆಂದೇ ಗದಗ-ಬೆಟಗೇರಿಯ ಮಂದಿ ಪಾಳಿ ಹಚ್ಚಿ ನಿಲ್ಲುತ್ತಿದ್ದರು. ಮಾಗಡಿ ಕೆರೆಯ ದಂಡೆಯಲ್ಲಿ ಹುಟ್ಟಿದ ಹುಡುಗಿ, ಹದಿನಾಲ್ಕಕ್ಕೆ ಕಂಪನಿ ಸೇರಿ, ಇಪ್ಪತ್ತಕ್ಕೆ ನಾಯಕಿಯಾದಳು. ಆಮೇಲೆ ಗಂಟಲಿಗೆ ಏನೋ ಬೇನೆ ಬಂದು ದನಿ ಒಡೆದುಹೋಯಿತು. ಬೇರೆ ಮಾಲಕರಾಗಿದ್ದರೆ ಬಸ್ಸು ಹತ್ತಿಸಿ ಕೈತೊಳೆದುಕೊಳ್ಳುತ್ತಿದ್ದರು. ಉಳವಪ್ಪ ಹಾಗೆ ಮಾಡಲಿಲ್ಲ.

"ಅಕ್ಕಾ, ದೊಡ್ಡ ದನಿ ಹೋತು, ಸಣ್ಣ ದನಿ ಐತೆಲ್ಲ. ಅಷ್ಟ ಸಾಕು. ನೀ ಇಲ್ಲೇ ಕುಂಡ್ರು," ಎಂದು ತಾನೇ ಸ್ಟೂಲು ತಂದಿಟ್ಟ.

ಕೂತಳು. ಉಳವಪ್ಪನ ಹೆಂಡತಿ ಮೂರು ವರ್ಷದ ಕೂಸನ್ನು ಬಿಟ್ಟು ತೀರಿಕೊಂಡಾಗ ಆ ಕೂಸೂ ಈ ಸ್ಟೂಲಿನ ಬುಡದಲ್ಲೇ ಬೆಳೆಯಿತು. ಅದೇ ಐಶ್ವರ್ಯಾ. ಆಕೆಗೆ ಸುಮಿತ್ರವ್ವ ಅಂದರೆ ಅತ್ತಿ. ಒಡಹುಟ್ಟಿದ ಸಂಬಂಧ ಏನೂ ಇಲ್ಲ, ಆದರೆ ಹಾಗಂತ ಯಾರಾದರೂ ಆಕೆಯ ಮುಂದೆ ಅಂದು ನೋಡಲಿ!

ಮಾತು ಬೇಕಾದ ನಟ ಪ್ರಾಂಪ್ಟರ್ ಕಡೆಗೆ ತಿರುಗಿ ನೋಡುವ ಹಾಗಿಲ್ಲ. ಎಡಗಾಲ ಹಿಮ್ಮಡದಿಂದ ಹಲಗೆಯ ಮೇಲೆ ಎರಡು ಸಲ ಬಡಿಯಬೇಕು. ಟಕ್, ಟಕ್. ಬಡಿದರೆ ಕೊಡಬೇಕು, ಬಡಿಯದಿದ್ದರೆ ಸುಮ್ಮನಿರಬೇಕು. ಉಳವಪ್ಪ ಮಾತ್ರ ಎಂದೂ ಬಡಿದವನಲ್ಲ. 'ಕೆರಿ ಒಡ್ಡಿನ ಗೌಡ' ನಾಟಕದಲ್ಲಿ ಗೌಡನ ಪಾತ್ರವನ್ನು ಮೂವತ್ತೊಂದು ವರ್ಷ ಮಾಡಿದ ಮನುಷ್ಯ, ಆತನಿಗೆ ಪುಸ್ತಕ ಯಾಕೆ ಬೇಕು?

ಆದರೆ ಲಕ್ಷ್ಮೇಶ್ವರದ ಕ್ಯಾಂಪಿನಲ್ಲಿ, ಒಂದು ರವಿವಾರ ಮಧ್ಯಾಹ್ನದ ಆಟದಲ್ಲಿ, ಆತ ಬಡಿದ.

ಗೌಡ ಹೊಲದಿಂದ ಬಂದು ಹಗ್ಗದ ಹೊರಸಿನ ಮೇಲೆ ಕೂಡುವ ದೃಶ್ಯ. ಕೂತವನು ಬಹಳ ಹೊತ್ತು ಸುಮ್ಮನಿರಬೇಕು. ಆ ಮೌನಕ್ಕೇ ಉಳವಪ್ಪ ಹೆಸರುವಾಸಿ, ಸೀಟಿ ಹೊಡೆಯುವ ಹುಡುಗರೂ ಆಗ ಉಸಿರು ಬಿಗಿ ಹಿಡಿಯುತ್ತಿದ್ದರು. ಆಮೇಲೆ ಒಂದೇ ಮಾತು: "ಯಾರದಾರಿ ಒಳಗ? ಒಂದ ತಂಬಗಿ ನೀರ ತರ್ರಿ." ಆ ಮಾತು ಬಿದ್ದ ಮೇಲೆ ಸೊಸೆ ನೀರು ತರಬೇಕು. ಸೊಸೆಯ ಪಾತ್ರದ ಸುಶ್ಮಿತಾ ಎದುರಿನ ಪರದೆಯ ಹಿಂದೆ ತುಂಬಿದ ತಂಬಿಗೆ ಹಿಡಿದು ನಿಂತಿದ್ದಳು. ನಿಜವಾದ ನೀರು, ಉಳವಪ್ಪನಿಗೆ ಖಾಲಿ ತಂಬಿಗೆಯ ನಾಟಕ ಆಗುತ್ತಿರಲಿಲ್ಲ.

ಟಕ್, ಟಕ್.

ಹಿಮ್ಮಡಕ್ಕೆ ಕಬ್ಬಿಣದ ನಾಲು ಬಡಿಸಿದ ಚಪ್ಪಲಿಯ ಸಪ್ಪಳ ಸುಮಿತ್ರವ್ವನಿಗೆ ಚೆನ್ನಾಗಿಯೇ ಕೇಳಿಸಿತು. ಕೇಳಿಸಿ, ಅಯ್ಯೋ ಅವಳ ಬುದ್ಧಿಗಿಷ್ಟು, ಆಕೆ ನಕ್ಕಳು. ಉಳವಪ್ಪ ಮಾತು ಮರೆಯುವುದುಂಟೇ? ಹೊಲದಿಂದ ಬಂದ ಗೌಡ ಚಪ್ಪಲಿಯ ಮಣ್ಣು ಕೊಡವುತ್ತಿದ್ದಾನೆ, ಹೊಸದೇನೋ ಸೇರಿಸಿದ್ದಾನೆ ಅಂದುಕೊಂಡಳು. ಮತ್ತೊಮ್ಮೆ ಟಕ್, ಟಕ್. ಪುಸ್ತಕದ ಮೇಲೆ ಬೆರಳು ಇತ್ತು, ಬಾಯಲ್ಲಿ ಮಾತು ಇತ್ತು. ಕೊಡಲಿಲ್ಲ. ಉಳವಪ್ಪ ಮೆಲ್ಲಗೆ ಎಡಕ್ಕೆ ವಾಲಿದ. ಎಂಥ ಅಭಿನಯ ಎಂದು ಮಂದಿ ಚಪ್ಪಾಳೆ ತಟ್ಟಿದರು. ಪರದೆ ಬಿದ್ದು ಎಲ್ಲರೂ ಓಡಿ ಬಂದಾಗ ಜೀವ ಹೋಗಿತ್ತು. ಸುಶ್ಮಿತಾ ಮಾತ್ರ ಇನ್ನೂ ಅಲ್ಲೇ ನಿಂತಿದ್ದಳು, ತುಂಬಿದ ತಂಬಿಗೆ ಹಿಡಿದು, ಮಾತು ಬರಲಿ ಎಂದು.

ಗುಟುಕು ನೀರಿಲ್ಲದೆ ಹೋದ. ನೀರು ಹತ್ತು ಹೆಜ್ಜೆ ದೂರದಲ್ಲಿತ್ತು. ಆತ ಬಡಿದ ಸುದ್ದಿಯನ್ನು ಸುಮಿತ್ರವ್ವ ಯಾರಿಗೂ ಹೇಳಲಿಲ್ಲ. ಮಣ್ಣು ಮುಗಿಸಿ, ಆ ಚಪ್ಪಲಿಗಳನ್ನು ಸಮಾಧಿಯ ಪಕ್ಕದಲ್ಲೇ ಬಿಟ್ಟು ಬಂದರು. ಆ ದಿನದಿಂದ ಆಕೆ ತನ್ನ ಸ್ಟೂಲಿನ ಪಕ್ಕ ಒಂದು ತುಂಬಿದ ತಂಬಿಗೆ ಇಟ್ಟುಕೊಳ್ಳತೊಡಗಿದಳು. ಗಂಟಲು ಒಣಗುತ್ತದೆ ಅಂದಳು, ಎಲ್ಲರೂ ನಂಬಿದರು.

ಈ ಕಂಪನಿಯಲ್ಲಿ ಉಳವಪ್ಪನ ಅಜ್ಜನ ಕಾಲದಿಂದ ಬಂದ ಒಂದು ರೂಢಿ ಇದೆ. ಮಾಲಕ ಹೋದರೆ ನಡುವೆ ಒಂದು ಊರನ್ನು ಮಾಲಕನಿಲ್ಲದೆ ದಾಟಬೇಕು. ಅದರ ಮುಂದಿನ ಊರಿನ ಮೊದಲ ಆಟದಲ್ಲಿ, ಹೊಸದಾಗಿ ಮಾಲಕನಾಗುವವನು ಹೋದವನ ಪಾತ್ರ ಮಾಡಬೇಕು. ಆ ಆಟಕ್ಕೂ ಪ್ರಾಂಪ್ಟರ್ ಇರಬೇಕು, ಆದರೆ ಪುಸ್ತಕಕ್ಕೆ ಕೆಂಪು ದಾರ ಸುತ್ತಿರಬೇಕು. ಪ್ರಾಂಪ್ಟರ್ ದನಿ ಒಮ್ಮೆ ಕೇಳಿತೋ, ಮುಗಿಯಿತು. ಪಟ್ಟ ಕಂಪನಿಯ ಹಿರಿಯ ನಟನಿಗೆ. ಅದಕ್ಕೆ ಮುಚ್ಚಿದ ಪುಸ್ತಕದ ಆಟ ಅನ್ನುತ್ತಾರೆ.

ಐಶ್ವರ್ಯಾ ತಾನೇ ಗೌಡನ ಮೀಸೆ ಹಚ್ಚುತ್ತೇನೆಂದಳು. ಹಿರಿಯ ನಟ ಅಂದರೆ ಹಾಸ್ಯದ ಭೀಮೇಶ. ಕೆಟ್ಟವನಲ್ಲ, ಆದರೆ ತಗಡಿನ ಥೇಟರು, ಲಾರಿ, ಇಷ್ಟೊಂದು ಜನ, ಇದೆಲ್ಲ ಸಾಕಾಗಿತ್ತು ಅವನಿಗೆ.

"ನಾ ಮಾಲಕ ಆದ್ರ ಈ ತಗಡ ಬಿಚ್ಚೂದ ನೋಡ್ರಿ. ನಾಕ ಮಂದಿ, ಒಂದ ಮೈಕು, ಕಾಮಿಡಿ ಶೋ. ಈಗಿನ ಮಂದಿಗೆ ಇನ್ನೇನ ಬೇಕು?" ಎಂದು ಎಲ್ಲರೆದುರೇ ಹೇಳಿದ್ದ. ಆ ನಾಲ್ಕು ಮಂದಿಯಲ್ಲಿ ಪ್ರಾಂಪ್ಟರ್ ಇರುವುದಿಲ್ಲ, ಪರದೆ ಎಳೆಯುವ ಶೇಖಸಾಬ ಇರುವುದಿಲ್ಲ, ಐಶ್ವರ್ಯಾಳಿಗೆ ಅಪ್ಪನ ಕಂಪನಿಯೇ ಇರುವುದಿಲ್ಲ.

ಮಾಲಕನಿಲ್ಲದ ಊರು ಶಿರಹಟ್ಟಿಯಾಯಿತು. ಅಲ್ಲಿ ಬೇರೆ ನಾಟಕಗಳನ್ನು ಆಡಿದರು. ಮಧ್ಯಾಹ್ನ ಊಟ ಮಾಡಿ ಎಲ್ಲರೂ ಅಡ್ಡಾದಾಗ ಸುಮಿತ್ರವ್ವ ಖಾಲಿ ರಂಗದ ಪಕ್ಕ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಬಿಸಿಲಿಗೆ ತಗಡು ಕಾದು, ಒಳಗೆ ಗಾಳಿ ಅಲುಗುತ್ತಿರಲಿಲ್ಲ.

ಟಕ್, ಟಕ್.

ಕೈಯೊಳಗಿನ ಅಕ್ಕಿ ಚೆಲ್ಲಿತು. ರಂಗದ ಮೇಲೆ ಹೊರಸು ಇತ್ತು, ಯಾರೂ ಇರಲಿಲ್ಲ. ಸ್ವಲ್ಪ ತಡೆದು ಮತ್ತೆ ಅದೇ ಸಪ್ಪಳ. ಕೊಡು, ಯಾಕೆ ಕೊಡವಲ್ಲಿ ಎಂದು ಕೇಳಿದ ಹಾಗೆ.

ಶೇಖಸಾಬನನ್ನು ಎಬ್ಬಿಸಿಕೊಂಡು ಬಂದಳು. ಆತ ಹಲಗೆಯ ಕೆಳಗೆಲ್ಲ ಬಗ್ಗಿ ನೋಡಿದ. "ಬಿಸಲಿಗೆ ಹಲಗಿ ಬಿರಿತಾವಕ್ಕಾ. ಇಲಿನೂ ಇಲ್ಲ, ಏನೂ ಇಲ್ಲ. ಹೋಗಿ ಮಕ್ಕೊ," ಎಂದ. ಆದರೆ ಆತನೂ ಆ ಹೊರಸಿನ ಕಡೆ ಬೆನ್ನು ಮಾಡದೆ ಹಿಂದೆ ಹಿಂದೆ ಸರಿದು ಕೆಳಗಿಳಿದ.

ಶಿರಹಟ್ಟಿಯಲ್ಲಿದ್ದಷ್ಟೂ ದಿನ ಮಧ್ಯಾಹ್ನ ಅದು ತಪ್ಪಲಿಲ್ಲ. ಸುಮಿತ್ರವ್ವನಿಗೆ ಹೆದರಿಕೆಗಿಂತ ಸಂಕಟವೇ ಹೆಚ್ಚು. ಒಂದು ದಿನ ಬಾಯಿ ತೆರೆದು ಮಾತು ಕೊಟ್ಟೇಬಿಡಬೇಕು ಅಂದುಕೊಂಡಳು. ಆದರೆ ಕೊಟ್ಟರೆ ತಾನೇ ತಪ್ಪು ಒಪ್ಪಿಕೊಂಡಂತೆ ಎಂದು ನಾಲಿಗೆ ಒಳಕ್ಕೆ ಎಳೆದುಕೊಂಡಿತು.

ಮುಂಡರಗಿಯಲ್ಲಿ ಥೇಟರು ಎದ್ದಿತು. ರವಿವಾರ ಮಧ್ಯಾಹ್ನ ಮೂರೂಕಾಲರ ಆಟ. ಭೀಮೇಶ ತಾನೇ ಪುಸ್ತಕಕ್ಕೆ ಕೆಂಪು ದಾರ ಸುತ್ತಿ, ಗಂಟು ಹಾಕಿ, ಸುಮಿತ್ರವ್ವನ ತೊಡೆಯ ಮೇಲೆ ಇಟ್ಟ.

"ಅಕ್ಕಾ, ನಿನ್ನ ಮ್ಯಾಲ ನನಗ ಭರೋಸ ಐತಿ. ಆದ್ರ ನನ್ನ ಕಿವಿ ಚುರುಕ ಅದಾವು ನೋಡು," ಎಂದು ನಕ್ಕು, ಎದುರಿನ ಪರದೆಯ ಹಿಂದೆ ಸುಶ್ಮಿತಾಳ ಪಕ್ಕ ಹೋಗಿ ನಿಂತ.

ಐಶ್ವರ್ಯಾ ಚೆನ್ನಾಗಿಯೇ ಮಾಡಿದಳು. ಆ ನಡಿಗೆ, ಆ ಕುತ್ತಿಗೆ ಹೊರಳಿಸುವ ರೀತಿ, ಮಂದಿಗೆ ಮೈ ಝುಂ ಎಂದಿತು. ಸುಮಿತ್ರವ್ವನ ಎದೆ ಹೆಮ್ಮೆಯಿಂದ ಉಬ್ಬಿತು, ಸುಳ್ಳೇಕೆ ಹೇಳಲಿ. ಹೊರಸಿನ ದೃಶ್ಯ ಬಂತು. ಐಶ್ವರ್ಯಾ ಕೂತಳು, ಮೌನ ಹಿಡಿದಳು. ಅಪ್ಪನಷ್ಟೇ ಮೌನ. ಅಪ್ಪನಿಗಿಂತ ಒಂದು ಹಿಡಿ ಹೆಚ್ಚು.

ಟಕ್, ಟಕ್.

ಭೀಮೇಶ ಕಿವಿ ನಿಮಿರಿಸಿದ್ದು ಇಲ್ಲಿಂದಲೇ ಕಂಡಿತು. ಹುಡುಗಿ ಮಾತು ಮರೆತಳೇ? ಮರೆತಿದ್ದರೂ ಕೊಡುವಂತಿಲ್ಲ. ಒಂದು ಪಿಸುಮಾತು ಹೊರಟರೆ ಈ ಕೂಸಿನ ಪಟ್ಟ ಹೋಯಿತು. ಮತ್ತೆ ಬಂತು ಟಕ್, ಟಕ್. ಆಗ ತಿಳಿಯಿತು. ನಾಲಿನ ಆ ಸಪ್ಪಳವನ್ನು ಆಕೆ ಎಲ್ಲಿದ್ದರೂ ಗುರುತಿಸುತ್ತಾಳೆ. ಸುಮ್ಮನಿದ್ದರೆ ಉಳವಪ್ಪ ಎರಡನೆಯ ಸಲ ನೀರಿಲ್ಲದೆ ಹೋಗುತ್ತಾನೆ. ಮಾತಾಡಿದರೆ ಅವನ ಮಗಳು ಎಲ್ಲವನ್ನೂ ಕಳೆದುಕೊಳ್ಳುತ್ತಾಳೆ.

ಪುಸ್ತಕ ಮುಚ್ಚಿರಬೇಕು, ಬಾಯಿ ಮುಚ್ಚಿರಬೇಕು. ರೂಢಿಯಲ್ಲಿ ಇರುವುದು ಇಷ್ಟೇ. ಎದ್ದು ನಡೆಯುವ ಕಾಲಿನ ಸುದ್ದಿಯನ್ನು ಉಳವಪ್ಪನ ಅಜ್ಜ ಎತ್ತಿರಲಿಲ್ಲ.

ಸುಮಿತ್ರವ್ವ ಪುಸ್ತಕವನ್ನು ಸ್ಟೂಲಿನ ಮೇಲಿಟ್ಟಳು, ತಂಬಿಗೆ ಎತ್ತಿಕೊಂಡಳು, ಸೆರಗು ತಲೆಯ ಮೇಲೆ ಎಳೆದುಕೊಂಡು, ಇಪ್ಪತ್ತೆರಡು ವರ್ಷದ ಮೇಲೆ ರಂಗದ ಬೆಳಕಿಗೆ ಬಂದಳು. ಹೊರಸಿನ ಹತ್ತಿರ ಬಂದಾಗ ಐಶ್ವರ್ಯಾಳ ಕಾಲು ಕಂಡವು. ಬರಿಗಾಲು. ಅದೂ ಎರಡೂ ಹೊರಸಿನ ಮೇಲೆ, ಚಕ್ಕಳಮಕ್ಕಳ ಹಾಕಿದ್ದವು.

ಸಪ್ಪಳ ಹೊರಸಿನ ಎಡಕ್ಕೆ, ಹಲಗೆಯ ಮೇಲಿತ್ತು. ಉಳವಪ್ಪ ವಾಲಿದ ಬದಿ. ಸುಮಿತ್ರವ್ವ ಅಲ್ಲಿ ಬಗ್ಗಿ ತಂಬಿಗೆ ಇಟ್ಟು, ಎರಡೂ ಕೈ ಜೋಡಿಸಿ, ತುಟಿ ಪಿಟಕ್ಕೆನ್ನದೆ ನಿಂತಳು.

ಸಪ್ಪಳ ನಿಂತಿತು.

ಐಶ್ವರ್ಯಾ ತಂಬಿಗೆ ನೋಡಿದಳು, ಅತ್ತಿಯ ಮುಖ ನೋಡಿದಳು. ಗೌಡನ ದನಿಯಲ್ಲಿ, ಪುಸ್ತಕದಲ್ಲಿ ಇಲ್ಲದ ಮಾತು ಬಂತು. "ಅವರಿಗೆ ನೀರ ಬಂತು. ಯಾರದಾರಿ ಒಳಗ? ಇನ್ನೊಂದ ತಂಬಗಿ ತರ್ರಿ. ನನಗೂ ನೀರಡಿಸೇತಿ."

ಸುಶ್ಮಿತಾ ನೀರು ತಂದಳು. ಆಟ ನಡೆಯಿತು.

ಕೊನೆಯ ಪರದೆ ಬಿದ್ದ ಮೇಲೆ ಭೀಮೇಶ ಪುಸ್ತಕ ಎತ್ತಿ ದಾರದ ಗಂಟು ನೋಡಿದ. ಮುಖ ಬಿಳಿಚಿಕೊಂಡಿತ್ತು. "ಗಂಟ ಹಂಗ ಐತಿ. ದನಿ ನಾ ಕೇಳಿಲ್ಲ," ಎಂದ. "ಬ್ಯಾರೆ ಏನ ಕೇಳಿದ್ನಿ ಅಂತ ಮಾತ್ರ ನನ್ನ ಕೇಳಬ್ಯಾಡ್ರಿ," ಎಂದವನೇ ತಾನೇ ಹೋಗಿ ಉಳವಪ್ಪನ ರುಮಾಲು ತಂದು ಐಶ್ವರ್ಯಾಳ ತಲೆಗೆ ಸುತ್ತಿದ.

ಎಲ್ಲರೂ ಚಹಾಕ್ಕೆ ಹೋದಾಗ ಸುಮಿತ್ರವ್ವ ಹೇಳಿಬಿಟ್ಟಳು. "ಲಕ್ಷ್ಮೇಶ್ವರದಾಗ ನಿಮ್ಮಪ್ಪ ಬಡದಿದ್ದ ಕೂಸ. ಎರಡ ಸಲ. ನಾ ಕೊಡಲಿಲ್ಲ. ನಾ ನಕ್ಕಿದ್ನಿ."

ಐಶ್ವರ್ಯಾ ಮೀಸೆ ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ಕಣ್ಣಿನ ನೀರು ಬಣ್ಣದ ಜೊತೆ ಕೆಳಗಿಳಿಯಿತು.

"ಶಿರಹಟ್ಟ್ಯಾಗ ಆ ಸಪ್ಪಳ ನಾನೂ ಕೇಳೇನಿ ಅತ್ತಿ. ಯಾರಿಗೆ ಬಡಿಯೂದಂತ ತಿಳಿದಿರಲಿಲ್ಲ," ಎಂದಳು. "ನನಗ ನಿನ್ನ ಮ್ಯಾಲ ಭಾಳ ಸಿಟ್ಟ ಬಂದೇತಿ. ಇವತ್ತ ನಾಳೆ ಹೋಗೂ ಸಿಟ್ಟಲ್ಲ."

ಸುಮಿತ್ರವ್ವ ತನ್ನ ಟ್ರಂಕಿನ ಕಡೆ ನೋಡಿದಳು. ತುಂಬಲು ಎರಡು ಸೀರೆ ಇದ್ದವು, ಹುಟ್ಟೂರು ಮಾಗಡಿಗೆ ಸಂಜೆಯ ಬಸ್ಸು ಇತ್ತು.

ಅಷ್ಟರಲ್ಲಿ ಕಸ ಹೊಡೆಯುತ್ತಿದ್ದ ಶೇಖಸಾಬ ರಂಗದಿಂದ ತಂಬಿಗೆ ಹಿಡಿದು ಬಂದ. ಬೋರಲು ಮಾಡಿ ತೋರಿಸಿದ. ಒಂದು ಹನಿ ಬೀಳಲಿಲ್ಲ. "ಅಕ್ಕಾ, ಹಲಗೀನೂ ಒಣಾ ಐತಿ. ಯಾರ ಕುಡದ್ರು?"

ಐಶ್ವರ್ಯಾ ಎದ್ದು ಆ ತಂಬಿಗೆ ಇಸಿದುಕೊಂಡು, ಕೊಡದಿಂದ ಮತ್ತೆ ತುಂಬಿ ತಂದು, ಸ್ಟೂಲಿನ ಪಕ್ಕ ಇಟ್ಟಳು. ಕೆಂಪು ದಾರ ಬಿಚ್ಚಿ ಪುಸ್ತಕವನ್ನು ಅತ್ತಿಯ ಕೈಗೆ ಕೊಟ್ಟಳು.

"ಆರೂವರಿ ಆಟಕ್ಕ ಹೊತ್ತಾತು," ಎಂದಳು ಕಂಪನಿಯ ಹೊಸ ಮಾಲಕಿ. "ಸಿಟ್ಟ ಇರ್ಲಿ. ನೀ ಇಲ್ಲೇ ಕುಂಡ್ರು."