ಶರಣಮ್ಮನ ತುರುಬು

ಅರವತ್ತು ದಾಟಿದ ಮೇಲೂ ನಮ್ಮ ಅತ್ತೆ ಶರಣಮ್ಮ ಹೊರಸಿನ ಮೇಲೆ ಕುಳಿತು ತುರುಬು ಬಿಚ್ಚಿದರೆ ಕೂದಲು ನೆಲ ಮುಟ್ಟುತ್ತಿತ್ತು. ಹುಡುಕಿದರೂ ಒಂದು ಕರಿ ಎಳೆ ಸಿಗುತ್ತಿರಲಿಲ್ಲ. ಎಲ್ಲ ಹಿಂಜಿದ ಹತ್ತಿಯ ಬಿಳುಪು. ಕಪ್ಪು ಹಚ್ಚಿಕೊಳ್ಳುವವರನ್ನು ಕಂಡರೆ ಅವರಿಗೆ ನಗು. "ಬೆಳ್ಳಗಾಗ್ಲಿಕ್ಕ ಇಷ್ಟು ವರ್ಷ ಹಿಡದಾವ. ಯಾಕ ಮುಚ್ಚಲಿ?" ಎನ್ನುತ್ತಿದ್ದರು.

ಆ ತಲೆ ಮುಟ್ಟುವ ಹಕ್ಕು ನಮ್ಮ ಊರು ಭಂಕೂರಿನಲ್ಲಿ ಒಬ್ಬಳಿಗೇ ಇತ್ತು. ನಮ್ಮ ಓಣಿಯ ಕಾಶೀಬಾಯಿ, ಕಾಗಿಣಾ ಹೊಳೆಯ ದಂಡೆಯ ಊರಿನಿಂದ ಸೊಸೆಯಾಗಿ ಬಂದವಳು, ಅತ್ತೆಗಿಂತ ತುಸು ಚಿಕ್ಕವಳು. ಐತವಾರ ಬಂದರೆ ಓಣಿಯ ಹಿರಿಯ ಹೆಂಗಸರಿಗೆಲ್ಲ ಎಣ್ಣೆ ತಿಕ್ಕಿ ತಲೆ ಬಾಚುವುದು ಆಕೆಯ ಕೆಲಸ. ಸುಗ್ಗಿಯಲ್ಲಿ ಅವರು ಜೋಳ ಕೊಡುತ್ತಿದ್ದರು. ಆಕೆ ಕಟ್ಟಿದ ತುರುಬು ಕಲ್ಲಿನ ಗಣಿಯಲ್ಲಿ ಬುಟ್ಟಿ ಹೊತ್ತರೂ ಸಡಿಲಾಗುತ್ತಿರಲಿಲ್ಲ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಹೊಸತರಲ್ಲಿ ಆಕೆಯ ಮಗನಿಗೆ ವಾಡಿಯಲ್ಲಿ ರೈಲ್ವೆ ಕೆಲಸ ಸಿಕ್ಕು, ಸಂಸಾರವೆಲ್ಲ ಅಲ್ಲಿಗೆ ಹೋಯಿತು. ಮೊದಲ ಐತವಾರ ನಾನೇ ಹಣಿಗೆ ಹಿಡಿದೆ. ಅತ್ತೆ ಸುಮ್ಮನೆ ಬಾಚಿಸಿಕೊಂಡರು, ನನ್ನ ಕೈ ಹಗುರವೆಂದು ಹೊಗಳಿದರು. ಮರು ಐತವಾರ ಒಳ್ಳೆಯ ಸೀರೆಯುಟ್ಟು, ವಾಡಿಯ ಗಾಡಿ ಹಿಡಿಯಲು ಶಹಾಬಾದ ಸ್ಟೇಷನ್ನಿಗೆ ಹೊರಟೇಬಿಟ್ಟರು. ಮನೆಯಲ್ಲಿ ಸೊಸೆಯಿದ್ದೂ ತಲೆ ಬಾಚಿಸಿಕೊಳ್ಳಲು ರೈಲು ಹತ್ತಿದರೆ ಮಂದಿ ಏನಂದಾರು ಎಂದು ನನ್ನ ಗಂಡ ಅಡ್ಡ ಬಂದರು.

"ಸೊಸಿ ಮುಂದ ಕುಂತ್ರ ಮನಿ ವಿಚಾರ ತಲ್ಯಾಗಿಂದ ಹೋಗಂಗಿಲ್ಲ," ಎಂದರು ಅತ್ತೆ. "ಕಾಶಿ ಮುಂದ ಕುಂತ್ರ ಎಲ್ಲಾ ಹೋಗ್ತದ."

ಅಂದಿನಿಂದ ಪ್ರತಿ ಐತವಾರ ಪ್ಯಾಸೆಂಜರ್ ಗಾಡಿ. ಚೀಲದಲ್ಲಿ ಎಣ್ಣೆಯ ಬಾಟಲಿ, ಕಾಶೀಬಾಯಿಗೆಂದು ರೊಟ್ಟಿ, ಹಚ್ಚಿಕೊಂಡು ತಿನ್ನಲು ಶೇಂಗಾ ಹಿಂಡಿ. ಸಂಜೆ ಹೊಳೆಯುವ ತುರುಬು ಹೊತ್ತು ಇಳಿಯುವಾಗ ಅವರ ನಡಿಗೆಯೇ ಬೇರೆ.

ಕೆಲವು ವರ್ಷಗಳ ಮೇಲೆ ಕಾಶೀಬಾಯಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಅತ್ತೆ ನನ್ನನ್ನೂ ಕರೆದುಕೊಂಡು ವಾಡಿಗೆ ಓಡಿದರು. ಆಕೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಇಷ್ಟು ಕೂದಲು ಒಂದು ಕೈಗೆ ನಿಲ್ಲುವುದಿಲ್ಲ, ಇನ್ನು ಬರಬೇಡ ಎಂದಳು. ಅತ್ತೆ ಆಕೆಯ ಪಕ್ಕದಲ್ಲಿ ಕುಳಿತರು. ಆಮೇಲೆ ತುರುಬು ಬಿಚ್ಚಿ, ಆ ಮನೆಯ ಸೊಸೆಯಿಂದ ಕತ್ತರಿ ತರಿಸಿ ನನ್ನ ಕೈಗಿಟ್ಟು, ಹೆಗಲಿನ ತನಕ ಉಳಿಸು ಎಂದರು. ನನ್ನ ಕೈ ಮುಂದಾಗಲಿಲ್ಲ.

"ಕತ್ರಸು. ಆಕಿ ಒಂದು ಕೈಯಾಗ ಹಿಡಿವಷ್ಟು ಇದ್ರ ನನಗ ಸಾಕು."

ಕತ್ತರಿಸಿದೆ. ಕಾಶೀಬಾಯಿ ಬೈದಳು, ಅತ್ತಳು, ಕಡೆಗೆ ಎದ್ದು ಕುಳಿತು ಎಡಗೈ ಚಾಚಿ ಹಣಿಗೆ ಕೇಳಿದಳು. ಬೈತಲೆ ಸೊಟ್ಟಗೆ ಬಂತು. ಅತ್ತೆ ಅದರ ಮೇಲೆ ಸೆರಗು ಎಳೆದುಕೊಳ್ಳದೆ ಗಾಡಿಯಲ್ಲಿ ಕುಳಿತು ಊರಿಗೆ ಬಂದರು. ಕೇಳಿದವರಿಗೆಲ್ಲ, ಕಾಶಿ ಈಗ ಎಡಗೈ ಕಲಿಯುತ್ತಿದ್ದಾಳೆ ಎಂದರು. ಆಕೆ ಕಲಿತಳು ಕೂಡ. ದಾರವನ್ನು ಹಲ್ಲಿನಲ್ಲಿ ಕಚ್ಚಿ ನಿಂಬೆಹಣ್ಣಿನಷ್ಟು ತುರುಬು ಕಟ್ಟತೊಡಗಿದಳು.

ಅತ್ತೆ ಒಂದು ಚಳಿಗಾಲದ ಬೆಳಿಗ್ಗೆ ತೀರಿಕೊಂಡರು. ಮೈ ತೊಳೆದ ಹೆಂಗಸರು ಹಣಿಗೆ ಎತ್ತಿಕೊಂಡಾಗ ನಾನು ತಡೆದು, ಕಾಶೀಬಾಯಿ ಬರಬೇಕು ಎಂದೆ. ಹೊತ್ತಾಗುತ್ತದೆಂದು ಹಿರಿಯರು ಗೊಣಗಿದರು. ನನ್ನ ಗಂಡ ವಾಡಿಗೆ ಆಳು ಕಳಿಸಿ, ಕಾಯೋಣ ಎಂದಷ್ಟೇ ಹೇಳಿ ಕಟ್ಟೆಯ ಮೇಲೆ ಕುಳಿತರು.

ಮಧ್ಯಾಹ್ನ ಮಗನ ಹೆಗಲು ಹಿಡಿದು ಆಕೆ ಬಂದಳು. ಅಳಲಿಲ್ಲ. ಎಣ್ಣೆ ಕೇಳಿ ತಿಕ್ಕಿದಳು, ಮೆಲ್ಲಗೆ ಬಾಚಿದಳು. ಹಿಂದಿನ ಕೂದಲು ಕೈಗೆ ಸಿಗದಾದಾಗ ರೂಢಿಯ ಮಾತು ಬಾಯಿಗೆ ಬಂತು.

"ಜರಾ ತಲಿ ಎತ್ತಕ್ಕ."

ಅತ್ತೆಯ ತಲೆಯನ್ನು ನಾನು ಎತ್ತಿ ಹಿಡಿದೆ.